ಇನ್ನೂರ ಹನ್ನೆರಡನೆಯ ಸಾಲು

ನಮ್ಮೂರಿನಲ್ಲಿ ಬಯಲಿನಲ್ಲಿ ಆಡಿದ ಮಾತು ಒಮ್ಮೆ ಮರಳಿ ಬರುತ್ತದೆ. ಎಲ್ಲಿ ಆಡಿದ್ದೋ ಅಲ್ಲೇ, ಆಡಿದವರ ದನಿಯಲ್ಲೇ, ಆದರೆ ಹತ್ತೋ ಇಪ್ಪತ್ತೋ ವರ್ಷ ಕಳೆದ ಮೇಲೆ. ಅದನ್ನು ನಾವು ತಡಮಾತು ಎನ್ನುತ್ತೇವೆ. ಸೂರಿನ ಕೆಳಗೆ ಆಡಿದ್ದಕ್ಕೆ ಈ ಕಾಟವಿಲ್ಲ. ಹಾಗಾಗಿ ನಮ್ಮಲ್ಲಿ ಯಾರನ್ನಾದರೂ ಬೈಯಬೇಕೆಂದರೆ ಒಳಗೆ ಕರೆದುಕೊಂಡು ಹೋಗಿ ಬೈಯುತ್ತಾರೆ, ಹೊಗಳಬೇಕೆಂದರೆ ಅಂಗಳಕ್ಕೆ ಕರೆಯುತ್ತಾರೆ. ಹೆಣ್ಣು ನೋಡಲು ಬಂದವರು ಹೊರಡುವಾಗ ಗೇಟಿನ ಬಳಿ ನಿಂತು ಏನಾದರೊಂದು ಒಳ್ಳೆಯ ಮಾತು ಆಡದೆ ಹೋದರೆ ಆ ಸಂಬಂಧ ಕುದುರಲಿಲ್ಲವೆಂದೇ ತಿಳಿಯಬೇಕು. ಹೂವಿನ ಕಾಳಮ್ಮ ತೀರಿಕೊಂಡು ಏಳು ವರ್ಷವಾಯಿತು. ಸಂತೆಬೀದಿಯಲ್ಲಿ ಇವತ್ತಿಗೂ ಆಗಾಗ ಅವಳ ದನಿ ಮೊಳಕ್ಕೆ ಎರಡು ರೂಪಾಯಿ ಎಂದು ಕೂಗುತ್ತದೆ. ಈಗಿನ ಹೂವಿನವರು ಚೌಕಾಸಿ ಮಾಡುವ ಗಿರಾಕಿಗೆ "ಅವಳ ಹತ್ರಾನೇ ತಗೊಳ್ಳಿ ಹೋಗಿ" ಎನ್ನುತ್ತಾರೆ. ನನ್ನ ಗಂಡ ಚಿದಾನಂದ ಪುರಸಭೆಯಲ್ಲಿ ನೀರು ಬಿಡುವ ಕೆಲಸದವರು. ಬೀದಿಯಲ್ಲಿ ನಿಂತು "ನೀರು ಬಂತು" ಎಂದು ಅವರು ಕೂಗುವ ಹಾಗಿಲ್ಲ. ಹದಿನೈದು ವರ್ಷದ ನಂತರ ಯಾರೋ ಪಾಪ ಖಾಲಿ ಕೊಡ ಹಿಡಿದು ಓಡಿ ಬಂದಾರು. ಅದಕ್ಕೆ ಅವರಿಗೆ ಒಂದು ಸೀಟಿ ಕೊಟ್ಟಿದ್ದಾರೆ.

ನನ್ನ ಹೆಸರು ಜಲಜಾಕ್ಷಿ. ಹದಿನಾಲ್ಕು ವರ್ಷ ನಾನು ಶಾಂತಪ್ಪನವರ ಟೈಲರ್ ಅಂಗಡಿಯಲ್ಲಿ ಕಾಜಾ ಹಾಕಿಕೊಂಡು, ಗುಂಡಿ ಹೊಲಿದುಕೊಂಡು ಇದ್ದವಳು. ಅಂಗಡಿ ನಾಲ್ಕು ದಾರಿ ಕೂಡುವ ಕಡೆ ಇದ್ದದ್ದರಿಂದ ಅದರ ಮುಂದೆ ದಿನಕ್ಕೆ ಏನಿಲ್ಲವೆಂದರೂ ಆರೇಳು ತಡಮಾತು ಬೀಳುತ್ತಿದ್ದವು. ಶಾಂತಪ್ಪನವರು ಅವನ್ನೆಲ್ಲ ಅಳತೆ ಪುಸ್ತಕದ ಹಿಂಬದಿಯ ಪುಟಗಳಲ್ಲಿ ಬರೆದಿಡುತ್ತಿದ್ದರು. ತಾರೀಖು, ಗಂಟೆ, ಎಲ್ಲಿ ಕೇಳಿಸಿತು, ಯಾರ ದನಿ, ಯಾವ ಕಾಲದ್ದು. ಒಂದು ಕಡೆ ಯಾರದೋ ಎದೆ ಮೂವತ್ತಾರು, ತೋಳು ಇಪ್ಪತ್ತೆರಡು. ತಿರುಗಿಸಿದರೆ ಯಾವ ಕಾಲದಲ್ಲೋ ಬಸ್ಸು ತಪ್ಪಿದವನೊಬ್ಬನ ಗೊಣಗಾಟ. ಯಾಕೆ ಬರೆಯುತ್ತೀರಿ ಎಂದು ಒಮ್ಮೆ ಕೇಳಿದ್ದೆ.

"ಬಂದೋರನ್ನ ಬಂದ್ರು ಅಂತ ಗುರುತು ಹಾಕ್ಕೋಬೇಕಲ್ವಾ ಜಲಜಮ್ಮ. ಅದೊಂದು ಮರ್ಯಾದೆ," ಎಂದಿದ್ದರು.

ಅವರ ಕೈ ನಡುಗಲು ಶುರುವಾದ ಮೇಲೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಒಟ್ಟು ಮೂವತ್ತೊಂದು ಪುಸ್ತಕಗಳಾಗಿದ್ದವು.

ನಮ್ಮೂರ ಹಳೇ ಕಾಲೇಜು ವಿಶ್ವವಿದ್ಯಾಲಯವಾದ ಮೂರನೆಯ ವರ್ಷ ಅಲ್ಲಿ ಎರಡು ಹೊಸ ಡಿಗ್ರಿ ತೆರೆದರು. ಒಂದು ಡೇಟಾ ಸೈನ್ಸ್, ಇನ್ನೊಂದು ಡಿಜಿಟಲ್ ಮೀಡಿಯಾ ಪ್ರೊಡಕ್ಷನ್. ಊರಿನ ಬಾಯಲ್ಲಿ ವಾರದೊಳಗೆ ಅವು ಎಣಿಸೋ ಡಿಗ್ರಿ, ಹಿಡಿಯೋ ಡಿಗ್ರಿ ಎಂದಾದವು. ಎಣಿಸುವವರು ತಡಮಾತು ಯಾವಾಗ ಬರುತ್ತದೆಂದು ಲೆಕ್ಕ ಹಾಕಬೇಕು, ಹಿಡಿಯುವವರು ಬಂದಾಗ ಮೈಕು ಕ್ಯಾಮೆರಾ ಇಟ್ಟು ಹಿಡಿದುಕೊಳ್ಳಬೇಕು ಎಂಬುದು ಜನ ತಾವೇ ಮಾಡಿಕೊಂಡ ಅರ್ಥ. ಪಠ್ಯದಲ್ಲಿ ಏನೇನೋ ಇತ್ತು. ಆದರೆ ಕೊನೆಗೆ ಆದದ್ದೂ ಅದೇ.

ಎಣಿಸೋ ಡಿಗ್ರಿಯ ವಿಭಾಗದ ಮುಖ್ಯಸ್ಥರು ಪುಸ್ತಕಗಳ ಸುದ್ದಿ ತಿಳಿದು ಅಂಗಡಿಗೆ ಬಂದರು. ಶಾಂತಪ್ಪನವರು ಮಷೀನಿನಿಂದ ತಲೆಯೆತ್ತದೆ ಹೇಳಿದರು: "ಪುಸ್ತಕ ಕೊಡ್ತೀನಿ ಸಾರ್. ಆದ್ರೆ ನನ್ನ ಅಕ್ಷರ ಓದೋಕೆ ಬರೋದು ಇವಳೊಬ್ಬಳಿಗೇ. ಪುಸ್ತಕದ ಜೊತೆ ಇವಳನ್ನೂ ಸೇರಿಸ್ಕೊಳ್ಳಿ."

ನನಗೆ ಆಗ ಮೂವತ್ತೇಳು. ವಯಸ್ಸಾದವರಿಗೆಂದು ಐದು ಸೀಟು ಇಟ್ಟಿದ್ದರಂತೆ, ಒಬ್ಬರೂ ಬಂದಿರಲಿಲ್ಲವಂತೆ. ನಾನು ಬೇಡವೆಂದೆ. ಶಾಂತಪ್ಪನವರು ನನ್ನ ಕೈಯಲ್ಲಿದ್ದ ಸೂಜಿಯನ್ನು ತೆಗೆದುಕೊಂಡು ದಿಂಬಿಗೆ ಚುಚ್ಚಿಟ್ಟರು. ಮನೆಯಲ್ಲಿ ಗಂಡನಿಗೆ ಹೇಳಿದರೆ, "ಹೋಗು. ಬೆಳಿಗ್ಗೆ ನೀರು ಬಿಟ್ಟು ಬಂದು ನಾನೇ ಅನ್ನಕ್ಕಿಡ್ತೀನಿ" ಎಂದು ಮಾತು ಮುಗಿಸಿದರು. ಈ ಇಬ್ಬರು ಗಂಡಸರಲ್ಲಿ ಒಬ್ಬರು ಹೂಂ ಅನ್ನದೇ ಇದ್ದಿದ್ದರೂ ಇವತ್ತು ಇದನ್ನು ಹೇಳುವ ಯೋಗ ನನಗೆ ಬರುತ್ತಿರಲಿಲ್ಲ.

ಮೊದಲ ದಿನದ ಮೊದಲ ತರಗತಿ ಗಣಿತದ್ದು. ಗಣಿತ ಮರೆತವರಿಗೆ ಅಡಿಪಾಯದಿಂದ ಹೇಳಿಕೊಡುವ ತರಗತಿ. ನಿವೃತ್ತರಾದ ಒಬ್ಬರನ್ನು ಅದಕ್ಕೆಂದೇ ಕರೆಸಿದ್ದಾರೆ ಎಂದರು. ಬಾಗಿಲಲ್ಲಿ ಹತ್ತಿಸೀರೆಯ, ಬೆಳ್ಳಗಿನ ಗಂಟಿನ ಹೆಂಗಸೊಬ್ಬರು ಚಾಕ್‌ಪೀಸಿನ ಡಬ್ಬಿ ಹಿಡಿದು ಬಂದರು. ವನಮಾಲಾ ಮೇಡಂ. ಅವರನ್ನು ಕಂಡದ್ದೇ ನಾನು ಎದ್ದು ಕೊನೆಯ ಬೆಂಚಿಗೆ ಹೋಗಿ ಕೂತೆ.

ಹಿಂದೆ ನಡೆದದ್ದನ್ನು ಹೇಳಿಬಿಡುತ್ತೇನೆ. ಅವತ್ತಿಗೆ ಹತ್ತೊಂಬತ್ತು ವರ್ಷದ ಕೆಳಗೆ ಇದೇ ಕಾಲೇಜಿನಲ್ಲಿ ನಾನು ಮೊದಲ ವರ್ಷದ ಬಿ.ಎಸ್ಸಿ. ಓದುತ್ತಿದ್ದೆ. ವನಮಾಲಾ ಮೇಡಂ ಗಣಿತದ ಲೆಕ್ಚರರ್. ನಮ್ಮ ಪತ್ರಿಕೆಗಳನ್ನು ನಮ್ಮ ಮೇಷ್ಟ್ರುಗಳೇ ತಿದ್ದುತ್ತಿದ್ದ ಕಾಲ. ನನಗೆ ಗಣಿತದಲ್ಲಿ ಇಪ್ಪತ್ತೇಳು ಬಂದು ಫೇಲಾದೆ. ಪತ್ರಿಕೆ ತೋರಿಸಿ ಎಂದು ಕೇಳಿದಾಗ ತೋರಿಸಿದರು. ಮುಖಪುಟದಲ್ಲಿ ಹೆಚ್ಚುವರಿ ಹಾಳೆ ಎರಡು ಎಂದು ನನ್ನ ಕೈಬರಹದಲ್ಲೇ ಇತ್ತು. ದಾರದಲ್ಲಿ ಕಟ್ಟಿದ್ದು ಒಂದೇ ಇತ್ತು. ನಾನು ಕಾಲೇಜಿನ ಹಿಂದಿನ ಓಣಿಗೆ ಓಡಿ ಹೋಗಿ, ನಾಲ್ಕೈದು ಗೆಳತಿಯರ ಮುಂದೆ, ಆ ಮೇಡಂ ಬೇಕಂತಲೇ ನನ್ನ ಹಾಳೆ ಹರಿದು ಬಿಸಾಕಿದ್ದಾರೆ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಬಯಲಿನಲ್ಲಿ ಹಾಗೆ ಕೂಗಬಾರದೆಂಬ ಬುದ್ಧಿ ಆ ಹೊತ್ತಿಗೆ ಇರಲಿಲ್ಲ. ಅವತ್ತು ನಾನು ಸುಳ್ಳು ಹೇಳಲಿಲ್ಲ, ನಿಜವೆಂದೇ ನಂಬಿ ಹೇಳಿದೆ. ವಾರದ ನಂತರ ಲಾಗ್ ಟೇಬಲ್ ಪುಸ್ತಕ ಕೊಡವಿದಾಗ ಆ ಹಾಳೆ ಅದರೊಳಗಿಂದ ಬಿತ್ತು. ಅವಸರದಲ್ಲಿ ಕಟ್ಟದೆ ಬಿಟ್ಟವಳು ನಾನೇ. ಆಗಲಾದರೂ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಹಾಳೆಯನ್ನು ಟ್ರಂಕಿನ ತಳಕ್ಕೆ ಹಾಕಿದೆ, ಕಾಲೇಜು ಬಿಟ್ಟೆ, ಆ ಓಣಿಯಲ್ಲಿ ಮತ್ತೆ ಕಾಲಿಡಲಿಲ್ಲ. ನನ್ನ ತಪ್ಪು ಕೂಗಿದ್ದರಲ್ಲಿ ಇರಲಿಲ್ಲ, ಆಮೇಲೆ ಸುಮ್ಮನಿದ್ದುದರಲ್ಲಿ ಇತ್ತು.

ಮೇಡಂ ಹಾಜರಿ ಕೂಗಿದರು. ನನ್ನ ಹೆಸರು ಬಂದಾಗ ಒಂದು ಕ್ಷಣ ಕನ್ನಡಕದ ಮೇಲಿಂದ ನೋಡಿ, "ಹಿಂದೆ ಯಾಕೆ ಕೂತಿದ್ದೀಯ, ಮುಂದೆ ಬಾ" ಎಂದರು. ಅಷ್ಟೇ. ಮರೆತಿದ್ದಾರೆ ಅಂದುಕೊಂಡೆ. ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ, ತಡಮಾತು ಇನ್ನೂ ಬಂದಿಲ್ಲ, ಹಾಗಾಗಿ ಗೊತ್ತಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮೂರು ವರ್ಷ ಅವರು ನನಗೆ ಕಲಿಸಿದ ರೀತಿಯನ್ನು ಹೇಗೆ ಹೇಳಲಿ. ಸರಾಸರಿ ಎಂದರೇನು ಎಂದು ಹೇಳಲು ನನ್ನ ಅಂಗಡಿಯ ಅಳತೆಗಳನ್ನೇ ತೆಗೆದುಕೊಂಡರು. "ಊರಿನ ಗಂಡಸರೆಲ್ಲರ ಸರಾಸರಿ ಎದೆ ಅಳತೆಗೆ ಒಂದು ಅಂಗಿ ಹೊಲಿದರೆ ಎಷ್ಟು ಜನಕ್ಕೆ ಸರಿಹೋಗುತ್ತೆ ಜಲಜಾಕ್ಷಿ?" ಎಂದರು. ಯಾರಿಗೂ ಸರಿಯಾಗಿ ಕೂರಲ್ಲ ಮೇಡಂ ಎಂದೆ. "ಹಾಗಿದ್ರೆ ಸರಾಸರಿ ಜೊತೆ ಇನ್ನೇನು ಬೇಕು?" ಎಂದರು. ಯಾರು ಎಷ್ಟು ಆಚೀಚೆ ಇದ್ದಾರೆ ಅನ್ನೋದು ಬೇಕು ಎಂದೆ. ಅವರು ತರಗತಿಯ ಕಡೆ ತಿರುಗಿ, "ನೋಡಿ, ಇವಳು ಪುಸ್ತಕ ತೆರೆಯದೆ ಅರ್ಧ ಅಧ್ಯಾಯ ಮುಗಿಸಿದಳು" ಎಂದರು. ಇಪ್ಪತ್ತು ವರ್ಷದ ಮಕ್ಕಳೆಲ್ಲ ನನ್ನ ಕಡೆ ನೋಡಿದರು. ನನಗೆ ಗಣಿತ ಬರುವುದಿಲ್ಲ ಎಂದು ನಂಬಿಕೊಂಡು ನಾನು ಅರ್ಧ ಆಯುಷ್ಯ ಕಳೆದಿದ್ದೆ. ಅದನ್ನು ಅವರು ಒಂದು ಅಂಗಿಯಲ್ಲಿ ತೊಳೆದುಬಿಟ್ಟರು. ಅವರು ಒಳ್ಳೆಯವರಾದಷ್ಟೂ ಓಣಿಯ ಮಾತು ನನ್ನ ಎದೆಯಲ್ಲಿ ಭಾರವಾಗುತ್ತಾ ಹೋಯಿತು.

ಕೊನೆಯ ವರ್ಷ ಎರಡೂ ಡಿಗ್ರಿಯವರು ಸೇರಿ ಒಂದು ಕೆಲಸ ಮಾಡಬೇಕೆಂದಾಯಿತು. ನಾವು ಎಣಿಸುವವರು ಶಾಂತಪ್ಪನವರ ಮೂವತ್ತೊಂದು ಪುಸ್ತಕವನ್ನೂ ಕಂಪ್ಯೂಟರಿಗೆ ಹತ್ತಿಸಿ, ಯಾವ ತಿಂಗಳಲ್ಲಿ ಆಡಿದ ಮಾತು, ಎಷ್ಟು ಗಟ್ಟಿಯಾಗಿ ಆಡಿದ್ದು, ಗೋಡೆ ಎಷ್ಟು ದೂರ ಇತ್ತು ಎಂಬುದನ್ನೆಲ್ಲ ಕೂಡಿಸಿ, ತಡಮಾತು ಬರುವ ಹೊತ್ತನ್ನು ಮೂರು ದಿನದ ಅಂತರದೊಳಗೆ ಹೇಳುವ ಮಟ್ಟಕ್ಕೆ ಬಂದಿದ್ದೆವು. ಊರಿಗೆಲ್ಲ ಒಂದು ಫಾರಂ ಹಂಚಿದೆವು: ನೀವು ಯಾವ ಮಾತಿಗೆ ಕಾಯುತ್ತಿದ್ದೀರಿ, ಎಲ್ಲಿ, ಯಾವಾಗ ಆಡಿದ್ದು. ಹಿಡಿಯುವವರು ಮನೆಮನೆಗೆ ಹೋಗಿ ಫಾರಂ ಕೊಟ್ಟವರನ್ನು ಮಾತಾಡಿಸಿ ಚಿತ್ರಿಸಿಕೊಂಡು ಬಂದರು. ಅವರಲ್ಲಿ ಮುಬೀನಾ ಎಂಬ ಹುಡುಗಿ ನನ್ನ ಜೋಡಿ. ಬೇಕರಿ ಮನೆಯವಳು, ಬ್ಯಾಗಿನ ತುಂಬ ತಂತಿ, ಬ್ಯಾಟರಿ, ಮಧ್ಯೆ ಎರಡು ಬನ್ನು. ನನ್ನನ್ನು ಅಕ್ಕ ಎನ್ನುತ್ತಿದ್ದಳು. ಜನ ಕೇಳಿದ್ದನ್ನು ನೋಡಿದರೆ ಕಣ್ಣು ತುಂಬುತ್ತಿತ್ತು. ಒಬ್ಬಾಕೆಗೆ ಅಪ್ಪ ಸೈಕಲ್ ಕಲಿಸುವಾಗ "ಬಿಟ್ಟಿಲ್ಲ, ಹಿಡ್ಕೊಂಡಿದ್ದೀನಿ" ಎಂದದ್ದು ಬೇಕಿತ್ತು. ಒಬ್ಬ ಮುದುಕರಿಗೆ ತಮ್ಮದೇ ಎಮ್ಮೆಯನ್ನು ತಾವು ಕರೆಯುತ್ತಿದ್ದ ಕರೆ ಬೇಕಿತ್ತು.

ಫಾರಮ್ಮುಗಳನ್ನು ಸಾಲುಸಾಲಾಗಿ ಹತ್ತಿಸುವ ಕೆಲಸ ನನ್ನದು. ಇನ್ನೂರ ಹನ್ನೆರಡನೆಯ ಸಾಲಿಗೆ ಬಂದಾಗ ಕೈ ನಿಂತಿತು. ಬರೆದವಳು ಗಿರಿಜಾ, ಕಾಲೇಜಿನಲ್ಲಿ ನನ್ನ ಜೊತೆ ಓದಿದವಳು. ಕಾಲೇಜಿನ ಹಿಂದಿನ ಓಣಿ. ಮೊದಲ ವರ್ಷದ ರಿಸಲ್ಟ್ ಬಂದ ದಿನ. ಗೆಳತಿಯೊಬ್ಬಳು ಫೇಲಾಗಿ ಗಣಿತದ ಮೇಡಂ ಮೇಲೆ ಕೂಗಾಡಿದಳು, ಅವಳನ್ನು ಸಮಾಧಾನ ಮಾಡಲು ನಾನು ಒಂದು ಹಸೆಹಾಡು ಹೇಳಿದೆ, ಆ ಹಾಡು ಕೇಳಬೇಕು, ಎಂದು ಬರೆದಿದ್ದಳು. ಗೆಳತಿಯ ಹೆಸರು ಬರೆದಿರಲಿಲ್ಲ. ಕಾರಣ ಎಂಬ ಜಾಗದಲ್ಲಿ ಒಂದೇ ವಾಕ್ಯ ಇತ್ತು: ಗಂಟಲಿನ ಆಪರೇಷನ್ ಆದ ಮೇಲೆ ನನಗೆ ದನಿ ಇಲ್ಲ.

ಆ ಹಾಡು ನನಗೆ ನೆನಪಿರಲಿಲ್ಲ. ಇಷ್ಟು ವರ್ಷ ನೆನಪಿದ್ದದ್ದು ನನ್ನ ಕೂಗು ಮಾತ್ರ. ಹಾಡು ಬರುವುದಾದರೆ ಅದರ ಮುಂಚೆ ಕೂಗೂ ಬರುತ್ತದೆ. ನಮ್ಮ ಪಟ್ಟಿ ಪುರಸಭೆಯ ಬೋರ್ಡಿನಲ್ಲಿ ಅಂಟುತ್ತದೆ, ಓಣಿಗೆ ಕುರ್ಚಿ ಹಾಕುತ್ತಾರೆ, ಜನ ಬರುತ್ತಾರೆ, ಮೇಡಂ ಬರುತ್ತಾರೆ. ನಾನು ಆ ಸಾಲನ್ನು ಆರಿಸಿ ಅಳಿಸಿದೆ. ಕೆಳಗಿನ ಸಾಲುಗಳು ಒಂದೊಂದು ಮೆಟ್ಟಿಲು ಮೇಲೆ ಬಂದು ಕೂತವು. ಅಲ್ಲಿ ಏನೋ ಇತ್ತೆಂಬ ಗುರುತೂ ಉಳಿಯಲಿಲ್ಲ.

ಎರಡು ದಿನವಾದ ಮೇಲೆ ಮುಬೀನಾ ಲ್ಯಾಬಿನಲ್ಲಿ ನನ್ನ ಪಕ್ಕ ಬಂದು ಕೂತಳು. "ಅಕ್ಕ, ನನ್ನ ಹತ್ರ ಫಾರಂ ಫೋಟೋ ನಾನೂರ ಹದಿಮೂರು ಇವೆ. ನಿಮ್ಮ ಶೀಟಲ್ಲಿ ನಾನೂರ ಹನ್ನೆರಡು ತೋರಿಸ್ತಿದೆ."

"ಯಾವುದೋ ಎರಡು ಸಲ ಬಂದಿತ್ತು. ಒಂದನ್ನ ತೆಗೆದೆ."

"ಯಾವುದು?"

ಅವಳು ಬ್ಯಾಗಿನಿಂದ ಬನ್ನು ತೆಗೆದು ಅರ್ಧ ಮುರಿದು ನನ್ನ ಮುಂದಿಟ್ಟಳು. "ಗಿರಿಜಕ್ಕನ್ನ ನಾನೇ ಶೂಟ್ ಮಾಡಿದ್ದು. ಅವರಿಗೆ ಮಾತಾಡೋಕಾಗಲ್ಲ ಅಲ್ವಾ, ಸ್ಲೇಟಲ್ಲಿ ಬರೆದು ಬರೆದು ತೋರಿಸಿದ್ರು. ಅವರ ಮಗಳಿಗೆ ಆರು ವರ್ಷ. ಅಮ್ಮನ ದನಿ ಹೇಗಿತ್ತು ಅಂತ ಆ ಮಗೂಗೆ ಗೊತ್ತೇ ಇಲ್ಲವಂತೆ."

ನಾನು ತಲೆ ತಗ್ಗಿಸಿದೆ.

"ಏನು ಅಂತ ನಾನು ಕೇಳಲ್ಲ ಅಕ್ಕ. ಯಾರಿಗೂ ಹೇಳೋದೂ ಇಲ್ಲ. ನೀವೇ ವಾಪಸ್ ಹಾಕ್ತೀರ ಅಂತ ಗೊತ್ತು ನನಗೆ." ಹೀಗಂದು ಎದ್ದು ಹೋದಳು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಹೆದರಿಸಬಹುದಿತ್ತು, ಮುಖ್ಯಸ್ಥರಿಗೆ ಹೇಳಬಹುದಿತ್ತು. ನನ್ನ ಮೇಲೆ ನನಗೇ ಇಲ್ಲದ ನಂಬಿಕೆಯನ್ನು ಅವಳು ಬನ್ನಿನ ಪಕ್ಕದಲ್ಲಿ ಇಟ್ಟು ಹೋದಳು.

ಸಾಲನ್ನು ಮತ್ತೆ ಬರೆದೆ. ಲೆಕ್ಕ ಓಡಿಸಿದೆ. ಮಾರ್ಚ್ ಹದಿನೇಳರಿಂದ ಹತ್ತೊಂಬತ್ತು ಎಂದು ಬಂತು. ಇನ್ನು ಮೂರು ವಾರ. ಅವತ್ತೇ ಮನೆಗೆ ಹೋಗಿ ಟ್ರಂಕಿನಿಂದ ಆ ಹಾಳೆಯನ್ನು ತೆಗೆದುಕೊಂಡು ವನಮಾಲಾ ಮೇಡಂ ಮನೆಗೆ ನಡೆದೆ.

ಮೇಡಂ ಒಬ್ಬರೇ ಇದ್ದರು. ನಡುಮನೆಯಲ್ಲಿ ಚಾಪೆ ಹಾಸಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ನಾನು ಕೂತು, ನೀರು ಕುಡಿದು, ಹಾಳೆಯನ್ನು ಚಾಪೆಯ ಮೇಲಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಓಣಿಯಲ್ಲಿ ಕೂಗಿದ್ದು, ವಾರದ ನಂತರ ಹಾಳೆ ಸಿಕ್ಕಿದ್ದು, ಸುಮ್ಮನಾದದ್ದು, ಮೊನ್ನೆ ಸಾಲು ಅಳಿಸಿದ್ದು.

ಅವರು ಹಾಳೆಯನ್ನು ಎತ್ತಿ ಎರಡೂ ಬದಿ ನೋಡಿದರು. ಆಮೇಲೆ ಹೇಳಿದರು: "ಕೂಗಿದ್ದು ನನಗೆ ಅವತ್ತೇ ಕೇಳಿಸ್ತು. ಗೋಡೆ ಆಚೆ ಸೈಕಲ್ ಸ್ಟ್ಯಾಂಡಲ್ಲಿ ನಾನಿದ್ದೆ."

"ಹಾಗಿದ್ರೆ ಈ ಮೂರು ವರ್ಷ..."

"ಕೇಳಿಸ್ಕೊ. ಕೂಗಿದ್ದು ಬೇರೆ ವಿಷಯ. ಫೇಲಾದ ಮಕ್ಕಳು ಕೂಗ್ತಾರೆ. ಆದ್ರೆ ಮುಖಪುಟದಲ್ಲಿ ಎರಡು ಅಂತ ಇತ್ತು ಅಲ್ವಾ. ಒಂದೇ ಇದ್ದದ್ದು. ಆ ವರ್ಷ ನಮ್ಮಮ್ಮನಿಗೆ ಹುಷಾರಿಲ್ಲ ಅಂತ ನಾನು ಪೇಪರು ಮನೆಗೆ ತಂದು ತಿದ್ದಿದ್ದೆ. ಮನೇಲೇ ಎಲ್ಲೋ ಕಳೆದೆ ಅಂದುಕೊಂಡೆ. ಮಂಚದ ಕೆಳಗೆ, ಅಕ್ಕಿ ಡಬ್ಬದ ಹಿಂದೆ, ಎಲ್ಲಾ ಕಡೆ ಹುಡುಕಿದೆ." ಅವರ ಕೈ ಸೊಪ್ಪಿನ ಕಡ್ಡಿಯೊಂದನ್ನು ಚಿಕ್ಕ ಚಿಕ್ಕದಾಗಿ ಮುರಿಯುತ್ತಿತ್ತು. "ಅಮ್ಮನಿಗೆ ಓದೋಕೆ ಬರ್ತಿರಲಿಲ್ಲ. ಬರೆದ ಹಾಳೆ ಅಂದ್ರೆ ಒಲೆ ಹಚ್ಚೋಕೆ ಅಂತ ತಿಳಿದಿದ್ದಳು. ನೀನೇ ಹಾಕಿರ್ತೀಯ ಅಂದೆ. ಒಂದು ಹುಡುಗಿ ಭವಿಷ್ಯ ಸುಟ್ಟುಬಿಟ್ಟೆ ಅಂದೆ. ಅವಳು ಸಾಯೋವರೆಗೂ 'ನಾನು ಹಾಕಿಲ್ಲ ಕಣೇ ವನಾ' ಅಂತಲೇ ಇದ್ದಳು. ನಾನು ಹೋಗಲಿ ಬಿಡು ಅಂತಿದ್ದೆ. ನಂಬಲಿಲ್ಲ."

ಕ್ಷಮಿಸಿ ಎಂಬ ಮಾತು ಆ ಚಾಪೆಯ ಮೇಲೆ ಇಡಲಾಗದಷ್ಟು ಚಿಕ್ಕದಾಗಿತ್ತು.

"ನೀನೀಗ ಹೋಗು ಜಲಜಾಕ್ಷಿ," ಎಂದರು. ದನಿಯಲ್ಲಿ ಸಿಟ್ಟಿತ್ತು. ಇರಬೇಕಾದದ್ದೇ. "ಹಾಳೆ ಇಲ್ಲೇ ಇರಲಿ."

ಗೇಟು ದಾಟಿ ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಅವರ ಮನೆಯ ಹಿತ್ತಿಲ ಬಾಗಿಲು ತೆರೆದ ಸದ್ದಾಯಿತು. ನಾನು ನಿಂತೆ. ಬಯಲಿಗೆ ಬಂದು ಗಟ್ಟಿಯಾಗಿ ಮಾತಾಡುವವರಲ್ಲ ಮೇಡಂ. ಕಾಯಿಪಲ್ಯೆಯವನನ್ನೂ ಕೈಸನ್ನೆಯಲ್ಲಿ ಕರೆಯುವವರು. ಹಿತ್ತಿಲಲ್ಲಿ ನಿಂತು ಅವರು ಸ್ಪಷ್ಟವಾಗಿ, ಪಾಠ ಹೇಳುವ ದನಿಯಲ್ಲಿ ಹೇಳಿದರು: "ಅಮ್ಮ, ನೀನು ಹಾಕಿರಲಿಲ್ಲ. ನೀನು ಹೇಳಿದ್ದೇ ನಿಜ." ಒಂದು ಗಳಿಗೆ ಬಿಟ್ಟು ಇನ್ನೊಮ್ಮೆ ಅದನ್ನೇ ಹೇಳಿದರು. ಬಾಗಿಲು ಮುಚ್ಚಿತು. ನಾನು ಅಲ್ಲೇ ಕಾಂಪೌಂಡಿಗೆ ಒರಗಿ ಅತ್ತೆ.

ನಾಲ್ಕು ದಿನ ಮೇಡಂ ಕಾಲೇಜಿಗೆ ಬರಲಿಲ್ಲ. ಇನ್ನು ಬರುವುದಿಲ್ಲವೇನೋ ಎಂದು ನಾನು ದಿಗಿಲುಪಟ್ಟುಕೊಂಡಿದ್ದೆ. ಐದನೆಯ ದಿನ ಎಂದಿನಂತೆ ಡಬ್ಬಿ ಹಿಡಿದು ಬಂದರು, ಪಾಠ ಮಾಡಿದರು. ಎಲ್ಲರೂ ಹೋದ ಮೇಲೆ ನನ್ನನ್ನು ಮೇಜಿನ ಹತ್ತಿರ ಕರೆದು ಹಾಳೆಯನ್ನು ಮುಂದಿಟ್ಟರು. ಕೆಂಪು ಶಾಯಿಯಲ್ಲಿ ತಿದ್ದಿದ್ದರು. ಇಪ್ಪತ್ತೆರಡು ವರ್ಷಕ್ಕೆ ಹಳದಿಯಾದ ಕಾಗದದ ಮೇಲೆ ಆ ಕೆಂಪು ಹಸಿಹಸಿಯಾಗಿ ಕಾಣುತ್ತಿತ್ತು.

"ಮೊದಲನೇ ಲೆಕ್ಕ ಸರಿ ಇದೆ, ಕೊನೇ ಹೆಜ್ಜೆ ಬಿಟ್ಟಿದ್ದೀಯ. ನಾಲ್ಕು. ಎರಡನೇದರಲ್ಲಿ ಮೈನಸ್ ಚಿಹ್ನೆ ನುಂಗಿದ್ದೀಯ. ಎರಡು. ಒಟ್ಟು ಆರು. ಇಪ್ಪತ್ತೇಳಕ್ಕೆ ಆರು ಸೇರಿಸಿದರೆ?"

"ಮೂವತ್ಮೂರು, ಮೇಡಂ."

"ಪಾಸಿಗೆ?"

"ಮೂವತ್ತೈದು."

"ಈ ಹಾಳೆ ಕಟ್ಟಿದ್ರೂ ನೀನು ಫೇಲೇ," ಎಂದರು. ಹೇಳಿ ನನ್ನ ಮುಖ ನೋಡಿದರು. ಯಾರು ಮೊದಲು ನಕ್ಕೆವೋ ತಿಳಿಯದು. ಮೇಡಂ ಮೇಜು ಹಿಡಿದುಕೊಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಗುತ್ತಿದ್ದರು. ನಗು ನಿಂತ ಮೇಲೆ, "ಸಿಟ್ಟು ಪೂರ್ತಿ ಹೋಗಿಲ್ಲ. ಹೋಗುತ್ತೆ. ಇಷ್ಟು ತಡ ಮಾಡಿಯಾದರೂ ನೀನು ಬಂದೆಯಲ್ಲ. ಬರದೇ ಇದ್ದಿದ್ರೆ ನಾನೂ ಒಂದು ದಿನ ಅಮ್ಮನ ಮೇಲೆ ಅದೇ ಅನುಮಾನ ಇಟ್ಕೊಂಡೇ ಹೋಗಿಬಿಡ್ತಿದ್ದೆ," ಎಂದರು.

ಮಾರ್ಚ್ ಹದಿನೇಳರಂದು ಓಣಿಯಲ್ಲಿ ಕುರ್ಚಿ ಹಾಕಿದರು. ಗಿರಿಜಾ ಮಗಳನ್ನು ಕರೆದುಕೊಂಡು ಬಂದಿದ್ದಳು. ಕುತ್ತಿಗೆಗೆ ಹತ್ತಿಯ ಸ್ಕಾರ್ಫು. ನನ್ನನ್ನು ನೋಡಿ ಸ್ಲೇಟಿನಲ್ಲಿ "ದಪ್ಪ ಆಗಿದ್ದೀಯ" ಎಂದು ಬರೆದು ತೋರಿಸಿದಳು. ಅವಳಿಗೆ ಮುಂಚೆಯೇ ಕಾಗದ ಬರೆದು ಎಲ್ಲ ಹೇಳಿದ್ದೆ. ಶಾಂತಪ್ಪನವರನ್ನು ನನ್ನ ಗಂಡ ಸೈಕಲ್ಲಿನಲ್ಲಿ ಕೂರಿಸಿಕೊಂಡು ಬಂದರು. ಮುಬೀನಾ ಗೋಡೆಯ ಉದ್ದಕ್ಕೆ ಮೂರು ಮೈಕು ನಿಲ್ಲಿಸಿ, ಕಿವಿಗೆ ಹೆಡ್‌ಫೋನ್ ಹಾಕಿ ಕೂತಳು. ಮೊದಲ ದಿನ ಏನೂ ಬರಲಿಲ್ಲ. ಜನ ಕಡಲೆಕಾಯಿ ತಿಂದು ಎದ್ದು ಹೋದರು. ಲೆಕ್ಕ ತಪ್ಪಿರಬೇಕು ಎಂದು ಹುಡುಗರು ಗುಸುಗುಸು ಮಾಡಿದರು. ತಪ್ಪಿದ್ದರೆ ಸಾಕಪ್ಪ ಎಂದು ಬೇಡಿಕೊಳ್ಳಬೇಕಾದವಳು ನಾನು. ಗಿರಿಜಾಳ ಮಗಳ ಮುಖ ನೋಡಿ, ತಪ್ಪದಿರಲಿ ಎಂದು ಬೇಡಿಕೊಂಡೆ.

ಎರಡನೆಯ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬಂತು. ಮುನ್ಸೂಚನೆಯಿಲ್ಲದೆ, ಗೋಡೆಯ ಬುಡದಿಂದ, ಹದಿನೆಂಟು ವರ್ಷದ ನನ್ನ ದನಿ. "ಆ ಮೇಡಂ ಬೇಕಂತಲೇ ನನ್ನ ಹಾಳೆ ಹರಿದು ಬಿಸಾಕಿದಾರೆ. ನಾನು ಬರೆದಿದ್ದೆ. ನಾನು ಎಲ್ಲಾ ಬರೆದಿದ್ದೆ ಕಣ್ರೇ." ಕೆಲವರು ಹಿಂದಿನ ಕುರ್ಚಿಯಲ್ಲಿ ಕೂತಿದ್ದ ವನಮಾಲಾ ಮೇಡಂ ಕಡೆ ತಿರುಗಿ ನೋಡಿದರು. ನಾನು ಎದ್ದು ನಿಂತೆ.

"ಆ ದನಿ ನಂದು," ಎಂದೆ. "ಅದು ಸುಳ್ಳು. ಹಾಳೆ ನನ್ನ ಪುಸ್ತಕದಲ್ಲೇ ಇತ್ತು. ವನಮಾಲಾ ಮೇಡಂ ಯಾರ ಹಾಳೆಯನ್ನೂ ಹರಿದವರಲ್ಲ."

ನಾನು ಕೂರುವ ಮೊದಲೇ ಹಾಡು ಶುರುವಾಯಿತು. ಎಂಥ ದನಿ ಅದು. ಹದಿನೆಂಟರ ಗಿರಿಜಾ, ಅಳುವ ಗೆಳತಿಯ ಮುಂದೆ ಕೂತು, ಮದುಮಗಳನ್ನು ಹಸೆಗೆ ಕರೆಯುವ ಹಾಡನ್ನು ತಮಾಷೆಗೆಂದು ಶುರುಮಾಡಿ, ಎರಡನೆಯ ಸಾಲಿನಲ್ಲಿ ತಮಾಷೆ ಮರೆತು ನಿಜವಾಗಿಯೇ ಹಾಡತೊಡಗಿದ್ದಳು. ಪುಟ್ಟ ಮಗು ಕುರ್ಚಿಯ ಮೇಲೆ ಎದ್ದು ನಿಂತು ಗೋಡೆಯನ್ನು ನೋಡಿತು, ಅಮ್ಮನ ಬಾಯಿಯನ್ನು ನೋಡಿತು, ಮತ್ತೆ ಗೋಡೆಯನ್ನು ನೋಡಿತು. ಗಿರಿಜಾ ಒಂದು ಕೈಯಲ್ಲಿ ಗಂಟಲು ಹಿಡಿದು, ಇನ್ನೊಂದರಲ್ಲಿ ಮಗಳ ಬೆನ್ನ ಮೇಲೆ ತಾಳ ಹಾಕುತ್ತಿದ್ದಳು. ಸ್ಲೇಟು ಕೆಳಗೆ ಬಿದ್ದಿತ್ತು. ಆ ಒಂದು ಸಾಲನ್ನು ನಾನು ಅಳಿಸಿಯೇ ಬಿಟ್ಟಿದ್ದರೆ ಎಂದು ಈಗಲೂ ನೆನೆಯುತ್ತೇನೆ.

ಹಾಡು ಮುಗಿದು ಜನ ಗಿರಿಜಾಳನ್ನು ಸುತ್ತುವರಿದರು. ವನಮಾಲಾ ಮೇಡಂ ಮುಬೀನಾಳ ಬಳಿ ಹೋಗಿ, "ಮೊದಲನೇದು ಇನ್ನೊಂದು ಸಲ ಕೇಳಿಸು ಮಗು" ಎಂದರು. ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಕೇಳಿದರು. ಮತ್ತೊಮ್ಮೆ ಹಾಕಿಸಿಕೊಂಡು ಕೇಳಿದರು. ಆಮೇಲೆ ನನ್ನ ಹತ್ತಿರ ಬಂದರು.

"ನೀನು ಅಳ್ತಿದ್ದೆ," ಎಂದರು. "ಅವತ್ತು ನನಗೆ ಬೈದದ್ದು ಮಾತ್ರ ಕೇಳಿಸಿತ್ತು. ಅಳು ಕೇಳಿಸಿರಲಿಲ್ಲ. ಗೋಡೆ ಸುತ್ತಿ ಈ ಕಡೆ ಬಂದಿದ್ರೆ ನಿಂಗೆ ಹೇಳಬಹುದಿತ್ತು. ನಾನು ಸೈಕಲ್ ತಗೊಂಡು ಮನೆಗೆ ಹೋಗಿಬಿಟ್ಟೆ."

"ಏನು ಹೇಳ್ತಿದ್ರಿ ಮೇಡಂ?"

ಅವರು ಉತ್ತರವನ್ನು ನನಗೆ ಕೊಡಲಿಲ್ಲ. ಗೋಡೆಯ ಕಡೆ ತಿರುಗಿದರು. ಆ ಹದಿನೆಂಟರ ಹುಡುಗಿ ಅಲ್ಲೇ ಮುದುಡಿ ಕೂತಿದ್ದಾಳೆ ಎಂಬಂತೆ ಸ್ವಲ್ಪ ಬಗ್ಗಿ, ಬಯಲಿನಲ್ಲಿ, ಎಲ್ಲರ ಎದುರಿಗೆ ಹೇಳಿದರು: "ಕಣ್ಣು ಒರೆಸ್ಕೊ. ಎರಡು ಮಾರ್ಕು ಅಷ್ಟೇ. ನಾಳೆ ಬೆಳಿಗ್ಗೆ ಮನೆಗೆ ಬಾ, ಹೇಳಿಕೊಡ್ತೀನಿ."

ಅದೇ ವರ್ಷ ನಾನು ಡಿಗ್ರಿ ಮುಗಿಸಿದೆ. ಗಣಿತದಲ್ಲಿ ಎಪ್ಪತ್ತೊಂದು. ಮೇಡಂ ಹೇಳಿದ ಆ ಮಾತು ಓಣಿಗೆ ಮರಳಿ ಬರುವ ಮೂರು ದಿನ ಯಾವುವೆಂದು ಲೆಕ್ಕ ಹಾಕಲು ನನಗೀಗ ಅರ್ಧ ಗಂಟೆ ಸಾಕು, ಅದನ್ನು ಕಲಿಸಿದವರೇ ಅವರು. ಇನ್ನೂ ಹಾಕಿಲ್ಲ.